ಎಕ್ಸ್‌ಚೇಂಜ್ ಬಂದ್ ಮಾಡ್ತಾರಂತ, ಟೋನೂ ಇಲ್ಲ ನೆಟ್ಟೂ ಇಲ್ಲ: ತಾಮ್ರದ ಲೈನ್ ರಿಪೇರಿ ಮಾಡಿಸಬೇಕೋ, ಫೈಬರ್ ಹಾಕಿಸಬೇಕೋ?

ಯಾದಗಿರಿ_ಅಂಗಡಿ:
ಯಾದಗಿರಿ ತಾಲೂಕಿನ ಹಳ್ಳಿ, ಸಣ್ಣ ಎಕ್ಸ್‌ಚೇಂಜ್, ತಾಮ್ರದ ಲೈನ್ ಮ್ಯಾಲ ಎಡಿಎಸ್‌ಎಲ್ (ಫೋನಿನ ತಂತಿ ಮ್ಯಾಲೇ ಬರೋ ನೆಟ್). ಫೋನಿನಾಗ ಟೋನ್ ಇಲ್ಲ, ಮೋಡೆಮ್‌ನ ಡಿಎಸ್‌ಎಲ್ ಲೈಟ್ ಬರೀ ಮಿಣುಕ್ತದ. ಮೊದಲು ಕರೆಂಟ್ ಹೋದಾಗಷ್ಟೇ ಹಿಂಗ ಆಗ್ತಿತ್ತು, ಈಗ ಕರೆಂಟ್ ಇದ್ರೂ ಇಲ್ಲ. ಕೇಳಿದ್ರ "ಎಕ್ಸ್‌ಚೇಂಜ್ ಬಂದ್ ಆಗ್ತದ, ಫೈಬರ್ ತಗೋರಿ" ಅಂತಾರ. ಅಂಗಡ್ಯಾಗ ಪಹಣಿ ಪ್ರಿಂಟು, ಬಿಲ್ ಕಟ್ಟೋದು ಎಲ್ಲಾ ಇದರ ಮ್ಯಾಲೇ ನಡೀತದ. ಹೊಸ ಮೋಡೆಮ್ ತರ್ಲೇನ್ರಿ? 08473ರ ಹಳೆ ನಂಬರ್ ಉಳಿತದೇನು?

ಕಲಬುರಗಿ_ಕೇಬಲ್:
ಮೋಡೆಮ್ ತರಬ್ಯಾಡ್ರಿ. ಬಂದ್ ಆಗೋ ಎಕ್ಸ್‌ಚೇಂಜ್‌ಗೆ ಎಡಿಎಸ್‌ಎಲ್ ಮೋಡೆಮ್ ಕೊಳ್ಳೋದು ರೊಕ್ಕ ನೀರಾಗ ಹಾಕಿದಂಗ. ಲೈನ್ ಎಲ್ಲಿ ಸತ್ತದ ಅನ್ನೋದು ಮೊದಲು ನೋಡ್ರಿ.

ಫೋನು, ಸ್ಪ್ಲಿಟರ್ (ಫೋನು, ನೆಟ್ ಬೇರೆ ಮಾಡೋ ಸಣ್ಣ ಡಬ್ಬಿ), ಮೋಡೆಮ್ ಎಲ್ಲಾ ಕಿತ್ತಿಡ್ರಿ. ಮಲ್ಟಿಮೀಟರ್ 200 ವೋಲ್ಟ್ ಡಿಸಿಗೆ ತಿರುಗಿಸಿ, ಗೋಡೆ ಮ್ಯಾಲಿನ ರೋಸೆಟ್ ಡಬ್ಬಿಯ ಎರಡು ಸ್ಕ್ರೂಗೆ ಕಡ್ಡಿ ಮುಟ್ಟಿಸ್ರಿ. ಬರಿಗೈಲಿ ತಂತಿ ಹಿಡೀಬ್ಯಾಡ್ರಿ, ರಿಂಗ್ ಬಂದ್ರ ಆ ಜೋಡಿ ತಂತ್ಯಾಗ 75 ವೋಲ್ಟ್ ಎಸಿ ಹರೀತದ.

48ರ ಆಸುಪಾಸು ಬಂತಂದ್ರ ಎಕ್ಸ್‌ಚೇಂಜ್‌ನಿಂದ ನಿಮ್ಮ ಮನಿತನಕ ತಂತಿ ನೆಟ್ಟಗದ. ಆಗ ಟೋನ್ ಬಂದು ಡಿಎಸ್‌ಎಲ್ ಮಾತ್ರ ಮಿಣುಕಿದ್ರ ಡಿಎಸ್‌ಲ್ಯಾಮ್ (ಎಕ್ಸ್‌ಚೇಂಜಿನಾಗ ನೆಟ್ ಕೊಡೋ ಯಂತ್ರ) ಅದರ ಪೋರ್ಟ್ ಅಥವಾ ಕಾರ್ಡ್ ಸತ್ತದ, ಇಲ್ಲಾ ನಿಮ್ಮ ಸ್ಪ್ಲಿಟರ್ ಕೆಟ್ಟದ. ಸ್ಪ್ಲಿಟರ್ ಬಿಟ್ಟು ಮೋಡೆಮ್ ನೇರ ಹಚ್ಚಿದ್ರ ಅಷ್ಟು ಗೊತ್ತಾಗ್ತದ. 20-30 ವೋಲ್ಟ್ ಬಂದು ಫೋನಿನಾಗ ಗುಂಯ್ ಅಂದ್ರ ಯಾವುದೋ ಜಾಯಿಂಟಿಗೆ ನೀರು ಹೊಕ್ಕದ. ನಮ್ಮ ಕರಿ ಎರಿ ಭೂಮಿ ಬ್ಯಾಸಗ್ಯಾಗ ಬಿರೀತದ, ಮಳಿಗಾಲದಾಗ ಉಬ್ತದ. ಹೂತಿಟ್ಟ ಕೇಬಲ್ ಎಳದಾಡಿ ಜಾಯಿಂಟ್ ಬಾಯಿ ಬಿಡ್ತದ, ಅದಕ್ಕ ಜೂನ್ ಬಂತಂದ್ರ ದೂರು ಜಾಸ್ತಿ. ಪೂರಾ ಸೊನ್ನಿ ಬಂತಂದ್ರ, ಬಾಜು ಮನಿ, ಹಿಂದಿನ ಓಣಿ, ಎಲ್ಲಾರ್ದೂ ಸೊನ್ನಿನೇ ಏನು ಕೇಳ್ರಿ. ಒಂದೇ ಓಣಿ ಸತ್ತಿದ್ರ ಡಿಪಿ ಡಬ್ಬಿ (ಓಣಿಗೆ ಲೈನ್ ಹಂಚೋ ಡಬ್ಬಿ) ಇಲ್ಲಾ ಕೇಬಲ್, ಊರೇ ಸತ್ತಿದ್ರ ಎಕ್ಸ್‌ಚೇಂಜ್.

ಕರೆಂಟ್ ಹೋದ ಕೂಡ್ಲೆ ಬಂದ್ ಆಗ್ತಿತ್ತು ಅಂದ್ರಲ್ಲ, ಅದು ಬ್ಯಾಟರಿ ಕಥಿ. 2 ವೋಲ್ಟಿನ 24 ಸೆಲ್ ಸಾಲಾಗಿ ಜೋಡಿಸಿ 48 ವೋಲ್ಟ್ ಮಾಡಿರ್ತಾರ. ಮುಚ್ಚಿದ ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮ್ಯಾಲ ಸುಮಾರು 10 ಡಿಗ್ರಿ ಏರಿದಂಗೆಲ್ಲಾ ಆಯುಷ್ಯ ಅರ್ಧ ಆಗ್ತದ. ಎಸಿ ಇಲ್ಲದ ಖೋಲ್ಯಾಗ, 42 ಡಿಗ್ರಿ ಬಿಸಲಾಗ, ಅದರ ಗತಿ ನೀವೇ ಲೆಕ್ಕ ಹಾಕ್ರಿ. ಮುಚ್ಚೋ ಪಟ್ಟ್ಯಾಗ ಇರೋ ಎಕ್ಸ್‌ಚೇಂಜ್‌ಗೆ ಹೊಸ ಬ್ಯಾಟರಿ ಸೆಟ್ ಯಾರು ಹಾಕ್ತಾರ?

ಯಾದಗಿರಿ_ಅಂಗಡಿ:
ಸೊನ್ನಿ ವೋಲ್ಟ್. ಹಿಂದಿನ ಓಣಿ, ಶಾಲಿ ಕಡೀಗೂ ಸೊನ್ನಿ. ಹಂಗಾರ ಫೈಬರ್ ಹಾಕಿಸೋದೇ ಸೈ?

ಬೀದರ್_ಫೈಬರ್:
ಸೈ, ಆದರೆ ಹಾಕಿಸುವ ಮುಂಚೆ ಎರಡು ಪ್ರಶ್ನೆ ಕೇಳಿ, ಬರವಣಿಗೆಯಲ್ಲೇ. ನನ್ನ ಲೈನಿನ ಒಎಲ್‌ಟಿ (ಫೈಬರ್‌ಗೆ ಬೆಳಕು ಕಳಿಸುವ ಕಂಪನಿಯ ಯಂತ್ರ) ಯಾವ ಕಟ್ಟಡದಲ್ಲಿದೆ? ಅಲ್ಲಿಗೆ ಬರುವ ಫೈಬರ್ ರಿಂಗೋ (ಸುತ್ತಿ ಎರಡೂ ಕಡೆಯಿಂದ ಬರುವ ದಾರಿ), ಒಂಟಿ ದಾರಿಯೋ?

ಎಕ್ಸ್‌ಚೇಂಜ್ ಬಂದ್ ಎಂದರೆ ಕೆಲವು ಕಡೆ ತಾಮ್ರದ ಸ್ವಿಚ್ ಮಾತ್ರ ತೆಗೆದು, ಒಎಲ್‌ಟಿಯನ್ನು ಅದೇ ಖೋಲಿಯಲ್ಲಿ ಅದೇ ಸತ್ತ ಬ್ಯಾಟರಿಗೆ ಕಟ್ಟಿರುತ್ತಾರೆ. ಹಾಗಿದ್ದರೆ ಫೈಬರ್ ಬಂದರೂ ಕರೆಂಟ್ ಹೋದಾಗ ಹಳೇ ರಾಗವೇ. ಒಂಟಿ ದಾರಿಯಾಗಿದ್ದರೆ ಹೆದ್ದಾರಿ ಅಗಲ ಮಾಡುವ ಒಂದು ಜೆಸಿಬಿ ಸಾಕು, ಆಚೆಯ ಊರುಗಳೆಲ್ಲಾ ಬಂದ್. ರಿಂಗ್ ಇದ್ದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಓಡುತ್ತದೆ. ಭಾರತ್‌ನೆಟ್ (ಹಳ್ಳಿಗಳಿಗೆ ಫೈಬರ್ ಎಳೆಯುವ ಸರ್ಕಾರಿ ಯೋಜನೆ) ಮೊದಲ ಹಂತದಲ್ಲಿ ಎಳೆದದ್ದು ಹೆಚ್ಚಾಗಿ ಒಂಟಿ ದಾರಿಗಳೇ. 2023ರ ಆಗಸ್ಟ್‌ನಲ್ಲಿ ಒಪ್ಪಿದ ತಿದ್ದುಪಡಿ ಯೋಜನೆಯಲ್ಲಿ ರಿಂಗ್ ಮಾಡಬೇಕೆಂದಿದೆ. ಒಂಟಿ ದಾರಿ ಎಂದು ಉತ್ತರ ಬಂದರೆ ಅಂಗಡಿಗೆ ಬೇರೆ ಕಂಪನಿಯ 4ಜಿ ಸಿಮ್ ಒಂದು ಪಕ್ಕದಲ್ಲಿಟ್ಟುಕೊಳ್ಳಿ. ಅದೇ ಟವರಿಗೂ ಅದೇ ಫೈಬರ್ ಹೋಗಿರಬಹುದು, ಅದನ್ನೂ ವಿಚಾರಿಸಿ.

ನಂಬರ್ ಬಗ್ಗೆ: ಒಎನ್‌ಟಿ (ಮನೆಯಲ್ಲಿ ಕೂರಿಸುವ ಫೈಬರ್ ಮೋಡೆಮ್) ಹಿಂದೆ ಫೋನಿನ ಪೋರ್ಟ್ ಇರುತ್ತದೆ, ಹಳೇ ಫೋನು ಅಲ್ಲೇ ಹಚ್ಚಬಹುದು. ಹಳೇ ನಂಬರನ್ನೇ ಫೈಬರ್‌ಗೆ ಬದಲಿಸಿಕೊಡಿ ಎಂದು ತಾಮ್ರದ ಖಾತೆ ಮುಚ್ಚುವ ಮುಂಚೆಯೇ ಅರ್ಜಿ ಕೊಡಿ. ಖಾತೆ ಮುಚ್ಚಿ ಹೊಸದು ತೆಗೆದರೆ ಹೊಸ ನಂಬರೇ ಕೈಗೆ ಬರುತ್ತದೆ. ಡಿಪಾಸಿಟ್ ಹೊಂದಾಣಿಕೆಯನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.

ಹಾಕಿಸುವ ದಿನ ಪಕ್ಕದಲ್ಲೇ ನಿಂತಿರಿ. ಒಎನ್‌ಟಿ ಪುಟದಲ್ಲಿ, ಸಾಮಾನ್ಯವಾಗಿ 192.168.1.1, ಬರುವ ಬೆಳಕಿನ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ. −27 ಕೊನೆಯ ಗಡಿ, −25ಕ್ಕಿಂತ ಕೆಳಗಿದ್ದರೆ (−26ರ ಕಡೆಗೆ) ಒಪ್ಪಬೇಡಿ. ಲೆಕ್ಕ ಹೀಗೆ: ಒಎಲ್‌ಟಿಯಿಂದ +3 ಹೊರಟಿತು ಅನ್ನಿ. ಬೆಳಕನ್ನು ಎಂಟು ದಾರಿಗೆ ಹಂಚುವ 1:8ರ ಸ್ಪ್ಲಿಟರ್ ಒಂದಕ್ಕೆ ಸುಮಾರು 10.5 ಹೋಗುತ್ತದೆ, ಎರಡಕ್ಕೆ 21. ಹತ್ತು ಕಿಲೋಮೀಟರ್ ಕೇಬಲ್‌ಗೆ 3ರಿಂದ 3.5, ಜೋಡಣೆಗಳಿಗೆ 1. ಉಳಿದದ್ದು −22ರ ಆಸುಪಾಸು. ನಿಮ್ಮಲ್ಲಿ −26 ತೋರಿಸಿದರೆ ಎಲ್ಲೋ ಮಡಿಕೆ ಇದೆ, ಇಲ್ಲಾ ಕನೆಕ್ಟರ್ ಹೊಲಸಾಗಿದೆ.

ಕಲಬುರಗಿ_ಕೇಬಲ್:
ಡ್ರಾಪ್ ಕೇಬಲ್ (ಕಂಬದಿಂದ ಮನಿಗೆ ಬರೋ ಕೇಬಲ್) ರಸ್ತಿ ದಾಟೋ ಕಡೆ ಕಬ್ಬಿನ ಟ್ರ್ಯಾಲಿ ಲೆಕ್ಕಾ ಹಿಡೀರಿ. ಖಾಲಿ ಟ್ರ್ಯಾಕ್ಟರ್ ಹಾಯ್ತದ ಅಂತ ಕಟ್ಟಿ ಹೋಗ್ತಾರ, ಕಾರ್ಖಾನಿ ಚಾಲು ಆದ ಮ್ಯಾಲ ತುಂಬಿದ ಟ್ರ್ಯಾಲಿ ಹರಕೊಂಡು ಹೋಗ್ತದ. ಗ್ವಾಡಿ ಮೂಲ್ಯಾಗ ಕೇಬಲ್ ಜಬರ್ದಸ್ತಿ ಮಡಚಬಾರದು, 3 ಸೆಂಟಿಮೀಟರ್ ತ್ರಿಜ್ಯದ ಸುತ್ತು ಬಿಡ್ರಿ. ಪ್ಲಾಸ್ಟಿಕ್ ಟೈ ಬಿಗಿದು ಕಟ್ಟಿದ್ರ ಬ್ಯಾಸಗ್ಯಾಗ ಅಲ್ಲೇ ಬೆಳಕು ಕುಂದ್ತದ. ಬಿಚ್ಚಿದ ಫೈಬರ್ ತುದಿ ಕಣ್ಣಿಗೆ ಹಿಡಿದು ನೋಡಬ್ಯಾಡ್ರಿ, ಆ ಬೆಳಕು ಕಣ್ಣಿಗೆ ಕಾಣಲ್ಲ, ಆದ್ರ ಹಾನಿ ಮಾಡಬಹುದು.

ಯಾದಗಿರಿ_ಅಂಗಡಿ:
ಫೈಬರ್ ಬಂತು. ಪಿಒಎನ್ ಲೈಟ್ (ಫೈಬರ್ ಕೂಡಿದ ಗುರುತು) ಹಸಿರು ನಿಂತದ, ಎಲ್‌ಒಎಸ್ ಲೈಟ್ (ಬೆಳಕು ಬರ್ತಿಲ್ಲ ಅನ್ನೋ ಗುರುತು) ಹತ್ತಿಲ್ಲ. ಅಳತೆ −26.1. ನೆಟ್ ಬರ್ತದ, ಆದ್ರ ಸರ್ಕಾರಿ ಪೋರ್ಟಲ್ ಕೆಲವು ಅರ್ಧ ತೆರದು ನಿಂತುಬಿಡ್ತಾವ. ಕರೆಂಟ್ ಹೋದ್ರ ಪೂರಾ ಬಂದ್. ಕನೆಕ್ಟರ್ ನೀಲಿ, ಒಎನ್‌ಟಿ ಬಾಯಿ ಹಸಿರು.

ಬೀದರ್_ಫೈಬರ್:
ಮೂರೂ ಬೇರೆ ಬೇರೆ ರೋಗ.

ನೀಲಿ ಮತ್ತು ಹಸಿರು ಕೂಡುವುದಿಲ್ಲ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೆಟ್ಟಗೆ. ನಡುವೆ ಗಾಳಿಯ ಸಂದು ಬಿದ್ದು ಬೆಳಕು ಸೋರುತ್ತದೆ, ಮೂರು-ನಾಲ್ಕು ಡಿಬಿ ಅಲ್ಲೇ ಹೋಗಬಹುದು. ಹಸಿರು ಪ್ಯಾಚ್ ಕಾರ್ಡ್ ಹಾಕಿಸಿ, ಮತ್ತೆ ಅಳತೆ ನೋಡಿ.

ಅರ್ಧ ತೆರೆಯುವ ಪೋರ್ಟಲ್‌ಗೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ನಲ್ಲಿ) ನೋಡಿ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ನೆಟ್ ಕೂಡಿಸುವ ವಿಧಾನ) ತಲೆಗೆ 8 ಬೈಟ್ ಹೋಗುತ್ತದೆ, ಹಾಗಾಗಿ 1500 ಇದ್ದರೆ ದೊಡ್ಡ ಪ್ಯಾಕೆಟ್ ಸಿಕ್ಕಿಕೊಳ್ಳುತ್ತದೆ. ಒಎನ್‌ಟಿಯ ವ್ಯಾನ್ (ಹೊರಗಿನ ನೆಟ್ ಸೆಟ್ಟಿಂಗ್) ಪುಟದಲ್ಲಿ 1492 ಮಾಡಿ. ಪರೀಕ್ಷೆಗೆ ಪ್ಯಾಕೆಟ್ ಒಡೆಯಬಾರದೆಂದು ಹೇಳಿ 1464 ಬೈಟಿನ ಪಿಂಗ್ ಕಳಿಸಿ. 1464 ಹೋಗಿ 1465 ಹೋಗದಿದ್ದರೆ ಸರಿ ಕೂತಿದೆ. ಇದು ಸರಿಹೋದ ಮೇಲೂ 8.8.8.8ಕ್ಕೆ ಪಿಂಗ್ ಹೋಗಿ ಹೆಸರಿನಿಂದ ಯಾವ ತಾಣವೂ ತೆರೆಯದಿದ್ದರೆ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ.

ಕರೆಂಟ್ ವಿಷಯ. ತಾಮ್ರದ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು, ಫೈಬರ್‌ನಲ್ಲಿ ಬರುವುದಿಲ್ಲ. 12 ವೋಲ್ಟಿನ ಮಿನಿ ಯುಪಿಎಸ್ ತೊಗೊಳ್ಳಿ, ಒಎನ್‌ಟಿಯ ಅಡಾಪ್ಟರ್ ಮೇಲೆ ಬರೆದ ಆಂಪ್ಸ್‌ಗಿಂತ ಕಡಿಮೆಯದು ಬೇಡ. ಡಬ್ಬಿ ಮೇಲಿನ 10,000 ಎಂಎಎಚ್ ಎನ್ನುವುದು 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್ ಅವರ್. 12ಕ್ಕೆ ಏರಿಸುವಾಗ ಸೋರಿ ಕೈಗೆ 30 ಸಿಗುತ್ತದೆ. 10 ವ್ಯಾಟ್ ಎಳೆಯುವ ಒಎನ್‌ಟಿಗೆ ಮೂರು ತಾಸು. ಪಿನ್ ಗಾತ್ರ, ನಡುವೆ ಪ್ಲಸ್ ಇದೆಯಾ ಎಂದು ಅಡಾಪ್ಟರ್ ಮೇಲಿನ ಗುರುತು ನೋಡಿಯೇ ಚುಚ್ಚಿ.

ಯಾದಗಿರಿ_ಅಂಗಡಿ:
ಹಸಿರು ಕಾರ್ಡ್ ಹಾಕಿದ ಮ್ಯಾಲ −22.4. 1492 ಮಾಡಿದೆ, ಪೋರ್ಟಲ್ ಪೂರಾ ತೆರೀತಾವ. ಮಿನಿ ಯುಪಿಎಸ್ ತರಿಸೀನಿ. ಆದ್ರ ಲೈನ್ ಸತ್ತಿದ್ದ ದಿನಗಳದ್ದೂ ಬಿಲ್ ಬಂದದಲ್ರಿ?

ಕಲಬುರಗಿ_ಕೇಬಲ್:
ಡಾಕೆಟ್ ನಂಬರ್ (ದೂರು ಕೊಟ್ಟಾಗ ಸಿಗೋ ನಂಬರ್) ಇದ್ರ ಅದನ್ನ ಹಾಕಿ ಬಾಡಿಗಿ ರಿಬೇಟ್ ಬರವಣಿಗ್ಯಾಗ ಕೇಳ್ರಿ. ಸೊನ್ನಿ ವೋಲ್ಟ್ ತೋರಿಸೋ ಮೀಟರ್ ಫೋಟೋ ಇದ್ರ ಲಗತ್ತಿಸ್ರಿ. ಅಲ್ಲಿ ಬಗೆಹರೀದಿದ್ರ ಟ್ರಾಯ್‌ನ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) 2012ರ ದೂರು ನಿಯಮದ ಪ್ರಕಾರ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕ ಹೋಗ್ರಿ, ಅವರು 39 ದಿನದಾಗ ತೀರ್ಮಾನ ಮಾಡಬೇಕು. ಟ್ರಾಯ್‌ಗೆ ನೇರ ಬರೀಬ್ಯಾಡ್ರಿ, ಒಬ್ಬೊಬ್ಬರ ದೂರು ಅದು ವಿಚಾರಣೆ ಮಾಡಲ್ಲ. ಅದೂ ಆಗಲಿಲ್ಲಂದ್ರ ಜಿಲ್ಲಾ ಗ್ರಾಹಕ ಆಯೋಗ ಅದ. ಟೆಲಿಕಾಂ ವಿಷಯ ಅಲ್ಲಿ ನಡೀತದ ಅಂತ 2022ರಾಗ ಸುಪ್ರೀಂ ಕೋರ್ಟ್ ಹೇಳ್ಯದ.