ಅಪ್‌ಡೇಟ್: ಜಡ್900 ಬೈಕಿಗೆ ಸ್ಲಿಪ್-ಆನ್ ಸೈಲೆನ್ಸರ್ ಹಾಕಿಸೀನಿ, ಪಟಪಟ ಸದ್ದು ನಿಂತೈತಿ

ನನ್ನ ಕವಾಸಾಕಿ ಜಡ್900ಗೆ ಫುಲ್ ಸಿಸ್ಟಮ್ (ಎಂಜಿನ್‌ನಿಂದ ತುದಿತನಕ ಪೂರಾ ಹೊಸ ಪೈಪ್) ಹಾಕಿಸ್ಲ್ಯೋ, ಸ್ಲಿಪ್-ಆನ್ (ಬರೇ ಹಿಂದಿನ ಸೈಲೆನ್ಸರ್ ಬದಲಿ) ಸಾಕೋ ಅಂತ ಮೊದಲ ಇಲ್ಲಿ ಕೇಳಿದ್ನಲ್ಲ, ಸ್ಲಿಪ್-ಆನ್ ಹಾಕಿಸೀನ್ರಿ. ಫುಲ್ ಸಿಸ್ಟಮ್ ಅಂದ್ರ ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರೂ ಹೋಗತೈತಿ, ಮಿಕ್ಸ್ಚರ್ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಇಸಿಯು ಮ್ಯಾಪಿಂಗ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿ) ಬೇಕಾಗತೈತಿ. ದಿನಾ ಓಡಿಸೋ ಗಾಡಿಗೆ ಅದು ಬ್ಯಾಡ ಅನಿಸ್ತು.

ಹಾಕಿದ ಮ್ಯಾಲೆ ಥ್ರಾಟಲ್ ಬಿಟ್ಟಾಗೆಲ್ಲ ಪಟಪಟ ಅಂತಿತ್ತು. ನೀವು ಹೇಳಿದ್ದ ಖರೆ: ಜಾಯಿಂಟ್‌ನಾಗ ಸಣ್ಣ ಸಂದಿ ಇದ್ರೂ ಹೊರಗಿನ ಗಾಳಿ ಒಳಗ ಹೊಕ್ಕು, ಉಳಿದ ಪೆಟ್ರೋಲ್ ಅಲ್ಲೇ ಹತ್ತತೈತಿ. ಕ್ಲ್ಯಾಂಪ್, ಬ್ರಾಕೆಟ್ ಎಲ್ಲಾ ಸಡಲ ಬಿಟ್ಟು, ಪೈಪ್ ಸರಿಯಾಗಿ ಕೂತ ಮ್ಯಾಲೆ ಎಂಜಿನ್ ಕಡೆಯಿಂದ ಹಿಂದಕ್ಕ ಒಂದೊಂದ ಬಿಗಿ ಮಾಡಿಸಿದೆ. ಜಾಯಿಂಟ್ ಮುಚ್ಚೋ ಗ್ಯಾಸ್ಕೆಟ್ ಹೊಸಾದು. ನಡುವಿನ ಅಂತರ ತುಂಬೋ ಸ್ಪೇಸರ್ ಒಂದು ಬೇಕಿತ್ತು, ಉದ್ಯಮಬಾಗದಾಗ ಲೇತ್ ಮ್ಯಾಲೆ ಮಾಡಿಕೊಟ್ರು. ಅಂಥಾ ಕೈಕೆಲಸ ನಮ್ಮ ಬೆಳಗಾವ್ಯಾಗ ಸಿಗೂದು ಪುಣ್ಯ!

ಮೊದಲ ಸ್ಟಾರ್ಟ್‌ಗಿಂತ ಮುಂಚೆ ಪೈಪ್ ಮ್ಯಾಲಿನ ಬೆರಳಿನ ಗುರುತು ಸ್ಪಿರಿಟ್‌ಲೆ ಒರಸ್ರಿ, ಇಲ್ಲಾಂದ್ರ ಬಿಸಿಗೆ ಕಲೆ ಕಾಯಂ ಉಳೀತೈತಿ.

ಡಿಬಿ ಕಿಲ್ಲರ್ (ಸೈಲೆನ್ಸರ್ ಒಳಗ ಸದ್ದು ತಗ್ಗಿಸೋ ತುಂಡು) ತಗದಿಲ್ಲ, ತಗಿಯೂದೂ ಇಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 190(2) ಪ್ರಕಾರ ಶಬ್ದದ ನಿಯಮ ಮೀರಿದ್ರ 10,000 ರೂಪಾಯಿವರೆಗೂ ದಂಡ, 3 ತಿಂಗಳವರೆಗೂ ಜೈಲು ಆಗಬಹುದು. ದವಾಖಾನಿ, ಸಾಲಿ ಮುಂದ ಹಾಯೋ ಮಂದಿ ನಾವು. ಕಂಪನಿ ಸೈಲೆನ್ಸರ್ ಮಾತ್ರ ಮಾರಬ್ಯಾಡ್ರಿ, ತಿರುಗಿ ಹಾಕೋ ಪ್ರಸಂಗ ಬರಬಹುದು.