ಪದಚರ್ಚೆ: ಹ್ಯಾಂಡ್‌ಹೆಲ್ಡ್, ಟ್ರಾನ್ಸ್‌ಕೋಡ್ (ತುರ್ತು)

ಪ್ರಶ್ನೆ:
ಗೆಳೆಯರೇ, ಎರಡು ಪದ ಬೇಕು, ಇವತ್ತೇ. ಪಾಮ್ ಟಿಎಕ್ಸ್ ಥರದ ಹಳೆಯ ಹ್ಯಾಂಡ್‌ಹೆಲ್ಡ್‌ಗಳಲ್ಲಿ (ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರುಗಳಲ್ಲಿ) ವಿಡಿಯೊ ನೋಡುವ ಬಗೆ ಹೇಳುವ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 2005ರ ಯಂತ್ರ, 312 ಮೆಗಾಹರ್ಟ್ಸ್ ಪ್ರೊಸೆಸರ್, 320×480 ಪರದೆ. ಈಗಿನ ದೊಡ್ಡ ವಿಡಿಯೊವನ್ನು ಹಾಗೇ ಮೆಮೊರಿ ಕಾರ್ಡಿಗೆ ಹಾಕಿದರೆ ಓಡುವುದೇ ಇಲ್ಲ. ಓಡಿದರೂ ಚಿತ್ರ ತಡವರಿಸುತ್ತದೆ, ಮಾತು ಮುಗಿದ ಮೇಲೆ ತುಟಿ ಅಲ್ಲಾಡುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಪರದೆಯ ಅಳತೆಗೆ ತಂದು, ಎಕ್ಸ್‌ವಿಡ್ (ವಿಡಿಯೊ ಕುಗ್ಗಿಸುವ ಒಂದು ಬಗೆ) ಮಾಡಿ, ಎವಿಐ ಫೈಲ್ ಆಗಿ ಉಳಿಸಿಕೊಳ್ಳಬೇಕು. ಆಮೇಲೆ ಟಿಸಿಪಿಎಂಪಿ ಪ್ಲೇಯರ್‌ನಲ್ಲಿ ಸಲೀಸಾಗಿ ಓಡುತ್ತದೆ. ಇಂಗ್ಲಿಷಿನಲ್ಲಿ ‘ಟ್ರಾನ್ಸ್‌ಕೋಡ್’ ಅನ್ನುವ ಈ ಕೆಲಸಕ್ಕೆ ‘ಪರಿವರ್ತಿಸು’ ಅಂದರೆ ಸಾಕಾ? ಯಂತ್ರಕ್ಕೆ ಸದ್ಯ ‘ಕೈಗಣಕ’ ಅಂತ ಬರೆದಿದ್ದೇನೆ.

ಉತ್ತರ 1:
‘ಕೈಗಣಕ’ ಅರಿಸಮಾಸ. ಕನ್ನಡದ ‘ಕೈ’ಗೆ ಸಂಸ್ಕೃತದ ‘ಗಣಕ’ ಸೇರಿಸಿದ್ದೀರಿ, ಹಾಗೆ ಸೇರಿಸಬಾರದು. ತೆಗೆಯಿರಿ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿದ ಮಾತಿದು. ಬಿರುದುಗಳಿಗೆ ವಿನಾಯಿತಿ ಇದೆ, ಯಂತ್ರಗಳಿಗಿಲ್ಲ. ಕೈಗನ್ನಡಿ, ಕೈಚೀಲ, ಕೈಪಿಡಿ ನೋಡಿ, ಎಷ್ಟು ಚೆನ್ನಾಗಿ ಕೂತಿವೆ! ಯಂತ್ರಕ್ಕೆ ‘ಜಂತ್ರ’ ಅನ್ನುವ ತದ್ಭವ ನಮ್ಮಲ್ಲೇ ಇದೆ. ‘ಕೈಜಂತ್ರ’ ಅನ್ನಿ.

ಉತ್ತರ 2:
ಕೈಜಂತ್ರ ಯಾರಿಗೂ ಅರ್ಥ ಆಗಲ್ಲ. ಕಟ್ಟಾಜ್ಞೆ, ಮಂಗಳಾರತಿ ಕೂಡ ಅರಿಸಮಾಸಗಳೇ. ಅವನ್ನು ಬಿಟ್ಟುಬಿಟ್ಟಿದ್ದೀರಾ? ‘ಹ್ಯಾಂಡ್‌ಹೆಲ್ಡ್’ ಅಂತಲೇ ಬರೆಯಿರಿ. ಬಸ್ಸು, ಪೆನ್ನು ಒಂದು ಉಕಾರ ಹಚ್ಚಿಕೊಂಡು ಕನ್ನಡವಾದವು. ಕಾಗದ, ಕಚೇರಿ ಹೊರಗಿನವು ಅಂತ ಈಗ ಯಾರಿಗೆ ನೆನಪಿದೆ?

ಉತ್ತರ 1ರವರು ಮತ್ತೆ:
ಬಸ್ಸು ಬರುವಾಗ ನಮ್ಮಲ್ಲಿ ಬಸ್ಸೇ ಇರಲಿಲ್ಲ, ಪದವನ್ನೂ ಜೊತೆಗೇ ತಂದುಕೊಂಡೆವು. ಕೈ ಇರಲಿಲ್ವಾ? ಇದ್ದದ್ದನ್ನು ಬಿಟ್ಟು ತರುವುದು ಎರವಲಲ್ಲ, ಸೋಮಾರಿತನ.

ಉತ್ತರ 3:
ಇಬ್ಬರೂ ಎರಡನೇ ಪದವನ್ನು ಮರೆತೇಬಿಟ್ಟಿರಿ. ಅದೇ ಜಾಸ್ತಿ ತೊಡಕಿನದು. ‘ಪರಿವರ್ತಿಸು’ ಅಂದರೆ ಕೆಲವರು ಫೈಲಿನ ಹೆಸರಿನ ಬಾಲ ಬದಲಿಸಿ ಸುಮ್ನಾಗುತ್ತಾರೆ. ಒಳಗಿನ ವಿಡಿಯೊ ಇದ್ದ ಹಾಗೇ ಇರುತ್ತದೆ. ಇಲ್ಲಿ ಒಂದೊಂದು ಫ್ರೇಮನ್ನೂ ಬಿಚ್ಚಿ, ಕಿರಿದು ಮಾಡಿ, ಮತ್ತೆ ಕಟ್ಟಬೇಕು. ‘ಇಳಿಸು’ ಆಗಲೇ ಡೌನ್‌ಲೋಡ್‌ಗೆ ಹೋಗಿದೆ, ‘ಅಳವಡಿಸು’ ಇನ್‌ಸ್ಟಾಲ್‌ಗೆ. ನನ್ನ ಮಟ್ಟಿಗೆ ‘ಒಗ್ಗಿಸು’ ಸರಿ. ‘ವಿಡಿಯೊವನ್ನು ಮೊದಲು ಯಂತ್ರಕ್ಕೆ ಒಗ್ಗಿಸಿ, ಆಮೇಲೆ ಕಾರ್ಡಿಗೆ ಹಾಕಿ.’ ಓದಿದ ಕೂಡಲೇ ಏಕೆ ಮಾಡಬೇಕು ಅನ್ನುವುದೂ ತಿಳಿಯುತ್ತದೆ, ಅಲ್ವಾ? ಹಾಗೇ ಇನ್ನೊಂದು ಸಾಲು ಸೇರಿಸಿ. ಈ ಯಂತ್ರ ಎಸ್‌ಡಿಎಚ್‌ಸಿ ಕಾರ್ಡನ್ನು (2 ಜಿಬಿಗಿಂತ ಹೆಚ್ಚು ಹಿಡಿಸುವ ಹೊಸ ಬಗೆಯದನ್ನು) ತಾನಾಗಿ ಓದುವುದಿಲ್ಲ. 2 ಜಿಬಿಯ ಹಳೆಯ ಎಸ್‌ಡಿ ಕಾರ್ಡೇ ಬೇಕು. ಸೆಕೆಂಡಿಗೆ 500 ಕಿಲೋಬಿಟ್‌ಗೆ ಒಗ್ಗಿಸಿದರೆ ಎರಡು ಗಂಟೆಯ ಸಿನಿಮಾ ಸುಮಾರು 450 ಎಂಬಿ ಆಗುತ್ತದೆ. ನಾಲ್ಕು ಸಿನಿಮಾ ಹಿಡಿಸುತ್ತವೆ.

ಕೇಳಿದವರು:
‘ಒಗ್ಗಿಸು’ ತಗೊಂಡೆ, ತುಂಬಾ ಥ್ಯಾಂಕ್ಸ್. ಕಾರ್ಡಿನ ಮಾತನ್ನೂ ಸೇರಿಸುತ್ತೇನೆ. ಯಂತ್ರಕ್ಕೆ ‘ಕೈಗಣಕ’ವನ್ನೇ ಇಡುತ್ತೇನೆ, ಓದುವವರಿಗೆ ತಕ್ಷಣ ಹೊಳೆಯುತ್ತದೆ.

ಉತ್ತರ 1ರವರು:
‘ಒಗ್ಗಿಸು’ ಒಳ್ಳೆಯ ಪದ. ‘ಕೈಗಣಕ’ ಈಗಲೂ ತಪ್ಪೇ.