ಶರಾವತಿ ಹಿನ್ನೀರಿಗೆ ಮನೆಮಂದಿ ಜೊತೆ: ದಸರಾ ರಜೆಗೋ, ಏಪ್ರಿಲ್‌ಗೋ?

ನಾಗರಬಾವಿ_ನಿವಾಸಿ:

ನಮಸ್ಕಾರ. ಮಲೆನಾಡಿನ ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ಮಕ್ಕಳಿಗೆ ನೀರಿನ ಹುಚ್ಚು. ದೊಡ್ಡವನಿಗೆ ಹದಿಮೂರು, ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾನೆ. ಚಿಕ್ಕವಳಿಗೆ ಎಂಟು. ಜೊತೆಗೆ ಅಪ್ಪ ಬರುತ್ತಾರೆ, ಮಂಡಿನೋವು, ಜಾಸ್ತಿ ನಡೆಯಲ್ಲ. ಅವರಿಗೆ ಸಿಗಂದೂರು ದೇವಿ ದರ್ಶನ ಆಗಬೇಕು, ಅಲ್ಲಿಗೆ ಹಿನ್ನೀರು ದಾಟಿಸುವ ದೊಡ್ಡ ದೋಣಿ, ಅದೇ ಲಾಂಚಿನಲ್ಲಿ ಹೋಗಬೇಕು ಅಂತ ಆಸೆ.

ನನ್ನ ಗೊಂದಲ ಏನಂದ್ರೆ, ನೆಟ್‌ನಲ್ಲಿ ಒಂದು ಫೋಟೋದಲ್ಲಿ ಮರದ ಬುಡದವರೆಗೂ ನೀಲಿ ನೀರು. ಇನ್ನೊಂದರಲ್ಲಿ ಬಿರುಕು ಬಿಟ್ಟ ಕೆಂಪು ನೆಲ, ನಡುವೆ ಯಾವುದೋ ಹಳೇ ಅಣೆಕಟ್ಟು. ಎರಡಕ್ಕೂ ‘ಶರಾವತಿ ಹಿನ್ನೀರು’ ಅಂತಲೇ ಬರೆದಿದ್ದಾರೆ. ಯಾವುದು ನಿಜ? ದಸರಾ ರಜೆಯಲ್ಲಿ ಬರಬೇಕಾ, ಏಪ್ರಿಲ್‌ನಲ್ಲಾ? ದಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಇರಬಹುದಾ?

ಕರೂರು_ಸೀಮೆಯವ:

ಎರಡೂ ನಿಜ ಮಾರಾಯ್ರೆ. ತಿಂಗಳು ಬೇರೆ ಅಷ್ಟೇ.

ಈ ಹಿನ್ನೀರು ನಿಲ್ಲೋದು ಲಿಂಗನಮಕ್ಕಿ ಅಣೆಕಟ್ಟಿನಿಂದ. ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುತ್ತದೆ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಅಂತ. ಹೊರಡುವ ಮುಂಚೆ ಅದೊಂದು ನೋಡಿಕೊಳ್ಳಿ, ಫೋಟೋ ಬೇಡ. ನಮ್ಮ ಕಡೆ ನೆಲ ಇಳಿಜಾರು, ಆದರೆ ಕಡಿದಾಗಿಲ್ಲ. ಹಾಗಾಗಿ ಮಟ್ಟ ಹತ್ತಡಿ ಇಳಿದರೂ ಸಾಕು, ದಡ ಎಲ್ಲೋ ದೂರ ಹೋಗಿಬಿಡುತ್ತದೆ. ಮಳೆ ಸರಿಯಾಗಿ ಬಿದ್ದ ವರ್ಷ ದಸರಾ ಹೊತ್ತಿಗೆ ನೀರು ತುಂಬಿರುತ್ತದೆ. ಆಮೇಲೆ ಕರೆಂಟಿಗೆ ಬಿಡುತ್ತಾ ಬಿಡುತ್ತಾ ಮೇ ಹೊತ್ತಿಗೆ ತಳ ಕಾಣುತ್ತದೆ. ನೀವು ನೋಡಿದ ಹಳೇ ಅಣೆಕಟ್ಟು ಮಡೆನೂರಿನದು. ಹಿರೇಭಾಸ್ಕರ ಅಂತಲೂ ಕರೆಯುತ್ತಾರೆ. 1948ರಲ್ಲಿ ಶುರುವಾದ ಜೋಗದ ವಿದ್ಯುದಾಗಾರಕ್ಕೆ ನೀರು ಹಿಡಿಯೋದಕ್ಕೆ ಕಟ್ಟಿದ್ದು. 1964ರಲ್ಲಿ ಲಿಂಗನಮಕ್ಕಿ ಬಂತು, ಅದು ಮುಳುಗಿತು. ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಅದನ್ನು ನೋಡಲೇಬೇಕು ಅಂದ್ರೆ ಮೇ ತಿಂಗಳು, ಊರಿನವರೊಬ್ಬರು ಜೊತೆಗೆ ಇರಬೇಕು. ಗೂಗಲ್ ಮ್ಯಾಪ್ ನಂಬಿ ಕಾರು ಇಳಿಸಬೇಡಿ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಚಕ್ರ ಒತ್ತಿದ ಕೂಡಲೇ ಕೆಳಗೆ ಹೂಳು.

ಇನ್ನು ಈಜಿನ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಇದು ಕೆರೆ ಅಲ್ಲ. ಇದು ಮುಳುಗಿದ ಊರು. ನಮ್ಮಜ್ಜನ ತೋಟ, ಗದ್ದೆ ಈ ನೀರಿನಡಿ ಇದೆ. ನಮ್ಮ ಕಡೆ ತೋಟದ ಸುತ್ತ ಅಗಳ ತೋಡುತ್ತಿದ್ದರು, ದನ ನುಗ್ಗದ ಹಾಗೆ. ಬಾವಿಗಳಿದ್ದವು. ಕಡಿದ ಮರದ ಬುಡಗಳು ಹಾಗೇ ಇವೆ. ಮಂಡಿಯುದ್ದದ ನೀರಿನಲ್ಲಿ ಆರಾಮಾಗಿ ನಡೆಯುತ್ತಿರುತ್ತೀರಿ, ಮುಂದಿನ ಹೆಜ್ಜೆಗೆ ನೆಲವೇ ಇಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಒಮ್ಮೆ ಆ ಬುಡಗಳನ್ನು ಹತ್ತಿರದಿಂದ ನೋಡಿ. ಅರವತ್ತು ವರ್ಷ ನೀರು ಕುಡಿದು ಕಪ್ಪಗಾಗಿವೆ, ಬೆರಳಿನಲ್ಲಿ ತಟ್ಟಿದರೆ ಟಣ್ ಅನ್ನುತ್ತವೆ. ಬೇರು ಹಿಡಿದಿದ್ದ ಮಣ್ಣು ತೊಳೆದುಹೋಗಿ ಎದ್ದು ನಿಂತಿವೆ. ಅದರೊಳಗೆ ಕಾಲು ಸಿಕ್ಕಿದರೆ ಈಜುಕೊಳದ ಈಜು ಯಾವ ಕೆಲಸಕ್ಕೂ ಬರಲ್ಲ.

ಅದಕ್ಕೇ, ಮಗನನ್ನು ನೀರಿಗಿಳಿಸಬೇಕು ಅಂದ್ರೆ ಹೊನ್ನೆಮರಡು ಕಡೆ ಹೋಗಿ, ತಾಳಗುಪ್ಪದ ಹತ್ತಿರ. ಅಲ್ಲಿ ತೆಪ್ಪ, ಕಯಾಕ್ ಎಲ್ಲ ಹೇಳಿಕೊಡುವವರ ಜೊತೆಯೇ. ಮೊದಲೇ ಮಾತಾಡಿಕೊಂಡು ಹೋಗಬೇಕು. ಬೆಳಿಗ್ಗೆಯೇ ಇಳಿಯಿರಿ. ಮಧ್ಯಾಹ್ನ ದಾಟಿದ ಮೇಲೆ ಬಯಲು ನೀರಿನ ಮೇಲೆ ಗಾಳಿ ಏಳುತ್ತದೆ, ತೆಪ್ಪ ನೀವು ಹೇಳಿದ ಕಡೆ ಹೋಗಲ್ಲ. ಲೈಫ್ ಜಾಕೆಟ್ ಕೇಳೋದಕ್ಕೆ ನಾಚಿಕೆ ಬೇಡ. ಎಂಟು ವರ್ಷದ ಮಗುವಿಗೆ ದೊಡ್ಡವರದು ಹಾಕಿದರೆ ಕುತ್ತಿಗೆಯಿಂದ ಮೇಲೆ ಜಾರಿ ಬರುತ್ತದೆ. ಅಳತೆಯದು ಇಲ್ಲ ಅಂದ್ರೆ ಅವಳು ದಡದಲ್ಲೇ ಇರಲಿ.

ಟೆಂಟ್: ಹಿನ್ನೀರಿನ ಸುಮಾರು ಜಾಗ ಶರಾವತಿ ಸಿಂಗಳೀಕ ಅಭಯಾರಣ್ಯದೊಳಗೆ ಬರುತ್ತದೆ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ಟೆಂಟ್ ಹಾಕಿ ಬೆಂಕಿ ಹಚ್ಚಿದರೆ ಕೇಸು. ಸುಮ್ನೆ ಒಂದು ಹೋಂಸ್ಟೇ ನೋಡಿ. ಬೆಳಿಗ್ಗೆ ಬಿಸಿ ದೋಸೆ, ಮಧ್ಯಾಹ್ನ ಊಟಕ್ಕೆ ತಂಬುಳಿ ಸಿಗುತ್ತೆ, ಟೆಂಟಿನಲ್ಲಿ ಏನು ಸಿಗುತ್ತೆ?

ಆಶಾ_ಸಾಗರ:

ಕರೂರಿನವರು ಒಂದು ವಿಷಯ ಬಿಟ್ಟರು. ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವಳು, ಹಾಗಾಗಿ ಬಾಯಿ ಮುಚ್ಚಿಕೊಂಡಿರೋಕೆ ಆಗಲ್ಲ. ಏಪ್ರಿಲ್ ಅಂದ್ರೆ ಮಂಗನ ಕಾಯಿಲೆಯ ಕಾಲ. ಡಿಸೆಂಬರ್‌ನಿಂದ ಮೇವರೆಗೂ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಸತ್ತರು. ಅದೂ ಇದೇ ಹಿನ್ನೀರಿನ ಕಡೆಯೇ.

ಹರಡೋದು ಉಣ್ಣೆಯಿಂದ, ಅಂದ್ರೆ ಮೈಗೆ ಹತ್ತಿ ರಕ್ತ ಹೀರುವ ಹುಳದಿಂದ. ಎಳ್ಳಿಗಿಂತ ಚಿಕ್ಕ ಮರಿಗಳು, ಕಚ್ಚಿದ್ದು ಗೊತ್ತೇ ಆಗಲ್ಲ. ಮನುಷ್ಯರಿಂದ ಮನುಷ್ಯರಿಗೆ ಬರಲ್ಲ, ಆ ಭಯ ಬೇಡ. ಕಾಡಿನ ದರಗಿನ ಮೇಲೆ ಕೂರಬೇಡಿ, ಮಲಗಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಉಣ್ಣೆ ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಊರಿಗೆ ಹೋದ ಮೇಲೆ ವಾರ ಹತ್ತು ದಿನದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಶರಾವತಿ ಕಡೆ ಹೋಗಿದ್ದೆವು’ ಅಂತ ಮೊದಲು ಹೇಳಿ. ಬೆಂಗಳೂರಿನಲ್ಲಿ ಡೆಂಗಿ ಅಂತಲೇ ನೋಡುತ್ತಾರೆ.

ಹಕ್ಕಿನೋಟ:

ಬೇಸಿಗೆಯಲ್ಲೇ ಬರೋದಾದರೆ ಶರಾವತಿ ಬಿಟ್ಟು ಭದ್ರಾ ನೋಡಿ. ತರೀಕೆರೆ ಹತ್ತಿರ ಲಕ್ಕವಳ್ಳಿ. ಹಿನ್ನೀರು ಇಳಿದಾಗ ನಡುವೆ ಸಣ್ಣ ಸಣ್ಣ ದಿಬ್ಬಗಳು ಏಳುತ್ತವೆ, ಅದರ ಮೇಲೆ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಗೂಡು ಗೀಡು ಏನಿಲ್ಲ, ಬರೀ ನೆಲದ ಮೇಲೆ. ಜಂಗಲ್ ಲಾಡ್ಜಸ್‌ನವರ ದೋಣಿ ಸಫಾರಿ ಇದೆ. ನಿಮ್ಮ ತಂದೆಯವರಿಗೆ ನಡೆಯೋ ಕಷ್ಟವೂ ಇಲ್ಲ. ದೋಣಿಯವನಿಗೆ ಇನ್ನೂ ಹತ್ತಿರ ಹೋಗು ಅಂತ ಮಾತ್ರ ಪೀಡಿಸಬೇಡಿ. ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಹಾಳಾಗುತ್ತವೆ.

ನಾಗರಬಾವಿ_ನಿವಾಸಿ:

ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಅಗಳದ ವಿಷಯ ಓದಿ ಹೇಳಿದೆ, ಮುಖ ಸಣ್ಣ ಮಾಡಿಕೊಂಡ, ಆದರೆ ಕಯಾಕ್ ಅಂದ ಕೂಡಲೇ ಸರಿಹೋದ. ದಸರಾಗೇ ಬರುತ್ತೇವೆ. ಅಪ್ಪನ ಲಾಂಚ್ ಆಸೆ ಮಾತ್ರ ಉಳಿದಿದೆ. ಸೇತುವೆ ಆದ ಮೇಲೆ ಅದು ಹೋಯಿತಾ?

ಕರೂರು_ಸೀಮೆಯವ:

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಶುರುವಾಯಿತು. ಈಗ ಸಿಗಂದೂರಿಗೆ ಸೀದಾ ಕಾರಿನಲ್ಲೇ ಹೋಗಬಹುದು. ಬಂದವರೆಲ್ಲ ‘ಅಯ್ಯೋ, ಲಾಂಚಿನ ಮಜಾ ಹೋಯ್ತು’ ಅನ್ನುತ್ತಾರೆ. ಅವರಿಗೇನು, ವರ್ಷಕ್ಕೊಮ್ಮೆ ಬರುವವರು. ಸಂಜೆ ಕೊನೇ ಲಾಂಚ್ ತಪ್ಪಿದ ಮೇಲೆ ಬಸುರಿ ಹೆಂಗಸನ್ನು ಹೊಸನಗರ ಕಡೆಯಿಂದ ಸುತ್ತಿ ಸಾಗರಕ್ಕೆ ಕರೆದುಕೊಂಡು ಹೋಗೋದು ಏನು ಅಂತ ನಮಗೆ ಗೊತ್ತು. ನಾಡಿಗೆಲ್ಲ ಕರೆಂಟು ಕೊಟ್ಟ ಸೀಮೆಗೆ ಒಂದು ಸೇತುವೆ ಬರೋಕೆ ಅರವತ್ತು ವರ್ಷ ಬೇಕಾಯ್ತು. ಇರಲಿ.

ತಂದೆಯವರಿಗೆ ಲಾಂಚೇ ಬೇಕು ಅಂದ್ರೆ ಕಾರ್ಗಲ್ ಕಡೆ ಮುಪ್ಪಾನೆ ಕಡವು ಇದೆ. ನೀರು ಇಳಿದಾಗ ನಿಲ್ಲಿಸುತ್ತಾರೆ, ದಸರಾಗೆ ಆ ತೊಂದರೆ ಇರಬಾರದು, ಆದರೂ ಹಿಂದಿನ ದಿನ ಕಾರ್ಗಲ್‌ನಲ್ಲಿ ವಿಚಾರಿಸಿಕೊಳ್ಳಿ. ಅಲ್ಲಿಂದ ಜೋಗ ಹತ್ತಿರವೇ. ಮಂಡಿನೋವಿನವರು ಜಲಪಾತದ ಬುಡದ ಗುಂಡಿಗೆ ಇಳಿಯೋದು ಬೇಡ, ಮೇಲಿಂದಲೇ ಚೆನ್ನಾಗಿ ಕಾಣುತ್ತದೆ. ದೇವಸ್ಥಾನಕ್ಕೆ ಭಾನುವಾರ ಬಿಟ್ಟು ವಾರದ ಮಧ್ಯೆ ಹೋಗಿ. ರೈಲಿನಲ್ಲಿ ಬರೋದಾದರೆ ತಾಳಗುಪ್ಪದ ರಾತ್ರಿ ರೈಲು ಹಿಡಿದು ಸಾಗರದಲ್ಲೇ ಇಳಿಯಿರಿ, ಅಲ್ಲಿ ಬಾಡಿಗೆ ಗಾಡಿ ಸುಲಭವಾಗಿ ಸಿಗುತ್ತದೆ. ರಜೆ ಕಾಲ, ಟಿಕೆಟ್ ಈಗಲೇ ಮಾಡಿಸಿ.